ಕೆಂಪು ಪೆನ್ನಿಲ್ಲದ ಒಂದು ಗಂಟೆ: ಕೋಲಾರದ ಶಿಕ್ಷಕಿಯೊಬ್ಬರ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಅವರ ಗುರುತು ಹತ್ತಬಾರದೆಂದು ಮನೆಯ ಮತ್ತು ಶಾಲೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ.

2025ರ ನವೆಂಬರ್ ಮೊದಲ ವಾರ ನನ್ನ ಬಳಿಗೆ ಬಂದ ಆ ಶಿಕ್ಷಕಿಗೆ 44 ವರ್ಷ. ಕೋಲಾರದಲ್ಲಿ ಮನೆ, ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಬೋಧನೆ, ದಿನವೂ ಬಸ್ಸಿನಲ್ಲಿ ಓಡಾಟ. ಪತಿಗೆ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ, ಮಗ ದ್ವಿತೀಯ ಪಿಯುಸಿ, ಮನೆಯಲ್ಲಿ ವಯಸ್ಸಾದ ಅತ್ತೆ. ಫೋನಿನಲ್ಲಿ ಸಮಯ ಕೇಳಿದಾಗ ನಿದ್ದೆ ಸರಿಯಾಗಿ ಬರುತ್ತಿಲ್ಲ ಎಂದಷ್ಟೇ ಹೇಳಿದ್ದರು. ಎದುರಿಗೆ ಕುಳಿತು ಅರ್ಧ ಗಂಟೆ ಕಳೆದ ಮೇಲೆ ನಿಜವಾದ ಮಾತು ಹೊರಬಂತು: "ಮೇಡಂ, ನಾನು ಕನ್ನಡ ಟೀಚರು. ನನಗೋಸ್ಕರ ಅಂತ ಒಂದು ಪುಸ್ತಕ ಓದಿ ಎರಡು ವರ್ಷ ದಾಟಿತು. ಇದನ್ನ ಯಾರ ಹತ್ತಿರವೂ ಹೇಳೋಕೆ ಆಗಲ್ಲ."

ನಿದ್ದೆ ಕೆಡಿಸಿದ್ದು ಒಂದು ಪುಟ್ಟ ಘಟನೆ. ಆಗಸ್ಟ್‌ನಲ್ಲಿ ಅವರು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ತಮ್ಮ ಕಪಾಟಿನಿಂದ ಕಾದಂಬರಿಯೊಂದನ್ನು ಕೊಟ್ಟಿದ್ದರು. ಗಡಿಭಾಗದ ಎಷ್ಟೋ ಮಕ್ಕಳಂತೆ ಅವಳ ಮನೆಮಾತೂ ತೆಲುಗು; ಕನ್ನಡ ಅವಳಿಗೆ ಶಾಲೆಯಲ್ಲಿ ದಕ್ಕಿದ ಭಾಷೆ. ಅಂಥವಳು ದಪ್ಪ ಪುಸ್ತಕವೊಂದನ್ನು ಮುಗಿಸಿ ತಂದು, ಕೊನೆಯಲ್ಲಿ ಕಥಾನಾಯಕಿ ಮನೆ ಬಿಟ್ಟು ಹೊರಟದ್ದು ಸರಿಯೇ ಮಿಸ್ ಎಂದು ಕೇಳಿದಳು. ಕೊಂಡು ನಾಲ್ಕು ವರ್ಷವಾಗಿದ್ದ ಆ ಪುಸ್ತಕವನ್ನು ಶಿಕ್ಷಕಿ ತೆರೆದೂ ನೋಡಿರಲಿಲ್ಲ. ಓದಿದವರಂತೆ ಏನೋ ಹೇಳಿ ಕಳುಹಿಸಿದರು. ಹುಡುಗಿ ತಲೆಯಾಡಿಸಿ ಹೋದಳು, ಆಮೇಲೆ ಇನ್ನೊಂದು ಪುಸ್ತಕ ಕೇಳಲು ಬರಲಿಲ್ಲ.

ಓದುವುದರಲ್ಲಿ ಆಸಕ್ತಿ ಹೋಗಿದೆ ಎಂದು ಯಾರಾದರೂ ಹೇಳಿದಾಗ ಅದನ್ನು ಬರೀ ಸಮಯದ ಅಭಾವವೆಂದು ಕೂಡಲೇ ಒಪ್ಪಿಕೊಳ್ಳುವುದು ಸರಿಯಲ್ಲ, ಏಕೆಂದರೆ ಇಷ್ಟದ ಕೆಲಸದಲ್ಲಿ ರುಚಿ ಕಳೆದುಕೊಳ್ಳುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಆದ್ದರಿಂದ ಹಿಂದಿನ ಎರಡು ವಾರಗಳ ಮನಃಸ್ಥಿತಿಯನ್ನು ವಿಚಾರಿಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಮೊದಲು ತುಂಬಿಸಿಕೊಂಡೆ. ಅದರಲ್ಲಿ ಗರಿಷ್ಠ 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಮನೋವೈದ್ಯರನ್ನು ಕಾಣುವಂತೆ ಹೇಳುತ್ತಿದ್ದೆ. ಇವರಿಗೆ 6 ಬಂದಿತ್ತು. ಊಟ ಸರಿಯಾಗಿತ್ತು, ಮಹಡಿಯ ಮೇಲಿನ ಹೂಕುಂಡಗಳ ಮೇಲೆ ಅಕ್ಕರೆ ಉಳಿದಿತ್ತು, ಸಹೋದ್ಯೋಗಿಗಳೊಂದಿಗೆ ನಗು ಇತ್ತು. ಬತ್ತಿದ್ದು ಓದು ಮಾತ್ರ. ಹಾಗಿದ್ದೂ, ರಾತ್ರಿ ಹೊತ್ತು ಮನಸ್ಸು ತೀರಾ ಕುಗ್ಗಿದರೆ ಉಚಿತವಾಗಿ ಕರೆ ಮಾಡಬಹುದಾದ ಟೆಲಿ ಮನಸ್ ಸಂಖ್ಯೆ 14416ನ್ನು ಅವರ ಫೋನಿನಲ್ಲಿ ಬರೆಸಿಯೇ ಕಳುಹಿಸಿದೆ.

ವರ್ಷದ ಹೊರೆ ನಿಜವಾಗಿಯೂ ದೊಡ್ಡದಿತ್ತು. ವಾರಕ್ಕೆ 28 ಪಿರಿಯಡ್, ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಸಿದ್ಧಗೊಳಿಸುವುದು, ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ. ಆ ಪರೀಕ್ಷೆಯ 625 ಅಂಕಗಳಲ್ಲಿ 125 ಪ್ರಥಮ ಭಾಷೆಯದು; ಒಟ್ಟು ಫಲಿತಾಂಶವನ್ನು ಎತ್ತಿಹಿಡಿಯಬೇಕಾದದ್ದು ಕನ್ನಡವೇ ಎಂಬ ನಿರೀಕ್ಷೆ ಪ್ರತಿ ಸಭೆಯಲ್ಲೂ ಅವರ ಮೇಲೆ ಬೀಳುತ್ತಿತ್ತು. ಓದಿಗೆಂದು ಕಾದಿಟ್ಟುಕೊಂಡಿದ್ದ ದಸರಾ ರಜೆ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆ ಮನೆ ಸುತ್ತುವುದರಲ್ಲಿ ಕಳೆಯಿತು; ಅದು ಅಕ್ಟೋಬರ್ 18ರವರೆಗೆ ವಿಸ್ತರಣೆಯಾದ್ದರಿಂದ ಹಿಂದುಳಿದ ಪಾಠಗಳಿಗಾಗಿ ಮತ್ತೆ ಹೆಚ್ಚುವರಿ ತರಗತಿಗಳು ಸೇರಿಕೊಂಡವು.

ಇಷ್ಟನ್ನು ಕೇಳಿದ ಮೇಲೆ ನಾನು ಕೊಟ್ಟ ಮೊದಲ ಸಲಹೆ ತಪ್ಪಾಗಿತ್ತು. ರಾತ್ರಿ ಮಲಗುವ ಮುನ್ನ ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ದಿನಕ್ಕೆ ಹತ್ತು ಪುಟ ಓದಿ ಎಂದೆ. ಎರಡು ವಾರದ ನಂತರ ಬಂದಾಗ ಅವರು ಮೊದಲಿಗಿಂತಲೂ ಕುಗ್ಗಿದ್ದರು. ಹದಿನಾಲ್ಕು ರಾತ್ರಿಗಳಲ್ಲಿ ನಾಲ್ಕು ಸಲ ಮಾತ್ರ ಪುಸ್ತಕ ತೆರೆದಿದ್ದರು, ಆ ನಾಲ್ಕೂ ಸಲ ಮೂರನೆಯ ಪುಟದ ಹೊತ್ತಿಗೆ ಹಣೆ ನೋವು, ನಿದ್ದೆ. ಬೆಳಿಗ್ಗೆ ಐದಕ್ಕೆ ಏಳುವ ಹೆಂಗಸಿಗೆ ದಿನದ ಅತ್ಯಂತ ದಣಿದ ಗಳಿಗೆಯನ್ನು ಓದಿಗೆಂದು ತೋರಿಸಿದ್ದು, ಅದಕ್ಕೆ ಪುಟಗಳ ಲೆಕ್ಕವನ್ನೂ ಹಚ್ಚಿ ಇನ್ನೊಂದು ಗುರಿಯನ್ನು ಅವರ ತಲೆಯ ಮೇಲೆ ಹೊರಿಸಿದ್ದು ನನ್ನ ತಪ್ಪು. ಅದನ್ನು ಅವರೆದುರೇ ಒಪ್ಪಿಕೊಂಡೆ.

ಆದರೆ ಆ ಹಣೆ ನೋವು ನನ್ನನ್ನು ನಿಲ್ಲಿಸಿತು. ಫೋನಿನಲ್ಲಿ ಒಂದು ಗಂಟೆ ಓದಿದರೂ ತಲೆ ನೋಯುವುದಿಲ್ಲ, ಪುಸ್ತಕ ಹಿಡಿದ ಹತ್ತು ನಿಮಿಷಕ್ಕೇ ಸಾಕಾಗುತ್ತದೆ, ಫೋನು ನನ್ನ ಮನಸ್ಸನ್ನು ಕೆಡಿಸಿಬಿಟ್ಟಿದೆ ಎಂದು ಅವರು ಹಳಹಳಿಸುತ್ತಿದ್ದರು. ಮೇಜಿನ ಮೇಲಿದ್ದ ಪುಸ್ತಕವೊಂದನ್ನು ಕೊಟ್ಟು ಓದಲು ಹೇಳಿದೆ. ಅವರು ಅದನ್ನು ತೋಳು ಚಾಚಿ ದೂರ ಹಿಡಿದರು. ಚಾಳೀಸು! ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಬಿಗಿಯಾಗುತ್ತ ಹೋಗಿ ಹತ್ತಿರದ ಅಕ್ಷರಗಳ ಮೇಲೆ ನೋಟ ನಿಲ್ಲುವುದು ಕಷ್ಟವಾಗುತ್ತದೆ. ಫೋನಿನಲ್ಲಾದರೆ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬಹುದು, ಅದರ ಪರದೆಗೆ ಅದರದೇ ಬೆಳಕೂ ಇದೆ. ಕಪ್ಪು ಹಲಗೆ ದೂರವಿರುವುದರಿಂದ ತರಗತಿಯಲ್ಲಿ ತೊಂದರೆ ಗೊತ್ತಾಗಿರಲಿಲ್ಲ, ಉತ್ತರ ಪತ್ರಿಕೆಗಳಲ್ಲಿ ಮಕ್ಕಳ ಬರಹ ದಪ್ಪವಾಗಿಯೇ ಇರುತ್ತದೆ. ಕಣ್ಣಿನ ಪರೀಕ್ಷೆ ಮಾಡಿಸಿದಾಗ ಓದುವ ಕನ್ನಡಕಕ್ಕೆ ಪ್ಲಸ್ 1.25 ಬರೆದುಕೊಟ್ಟರು. ತಮ್ಮ ಶೀಲದ ದೋಷವೆಂದು ಎರಡು ವರ್ಷ ಹೊತ್ತುಕೊಂಡಿದ್ದರಲ್ಲಿ ಒಂದು ಪಾಲು ಕಣ್ಣಿನ ವಯಸ್ಸಾಗಿತ್ತು ಎಂದು ತಿಳಿದಾಗ ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನಲವತ್ತು ದಾಟಿದ ಯಾರೇ ಆಗಲಿ ಓದು ಹಿಡಿಸುತ್ತಿಲ್ಲ ಎಂದು ಬಂದರೆ ಈಗ ನಾನು ಮೊದಲು ಕೇಳುವುದು ಕನ್ನಡಕದ ವಿಷಯವನ್ನು.

ಉಳಿದ ಪಾಲು ಕನ್ನಡಕಕ್ಕೆ ಬಗ್ಗುವಂಥದ್ದಲ್ಲ. ಮೂರನೆಯ ಭೇಟಿಯಲ್ಲಿ, ಓದುವಾಗ ಒಳಗೆ ಏನು ನಡೆಯುತ್ತದೆ ಎಂದು ವಿವರವಾಗಿ ಹೇಳಲು ಕೇಳಿದೆ. ಕಥೆಯಲ್ಲಿ ಯಾರಾದರೂ ಒಂದು ಒಳ್ಳೆಯ ಮಾತಾಡಿದರೆ ಇದನ್ನು ಸಂದರ್ಭದೊಂದಿಗೆ ವಿವರಿಸಿ ಎಂದು ಕೇಳಬಹುದಲ್ಲ ಎನಿಸುತ್ತದೆ. ಪದ್ಯ ಕಂಡರೆ ಅರ್ಥಕ್ಕಿಂತ ಮೊದಲು ಕಣ್ಣು ಗುರು ಲಘು ಹಾಕುತ್ತದೆ. ಅಚ್ಚಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೆ ಕೈ ಕೆಂಪು ಪೆನ್ನು ಹುಡುಕುತ್ತದೆ ಎಂದರು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇದು. ಓದಿಗೆ ಹೊತ್ತು ಸಿಗದಿದ್ದದ್ದು ನಿಜ, ಆದರೆ ಸಿಕ್ಕ ಹೊತ್ತಿನಲ್ಲಿಯೂ ಅವರು ಓದುಗರಾಗಿರಲಿಲ್ಲ. ಮೌಲ್ಯಮಾಪಕರಾಗಿಯೇ ಉಳಿದಿದ್ದರು, ಮತ್ತು ಸಂಜೆ ಆರರ ಮೇಲೆ ಮೌಲ್ಯಮಾಪನ ಯಾರಿಗೂ ವಿಶ್ರಾಂತಿಯಾಗಲಾರದು.

ಮನೆಯ ಪರಿಸ್ಥಿತಿ ಇದಕ್ಕೆ ಪೂರಕವಾಗಿಯೇ ಇತ್ತು. ಫೋನು ಹಿಡಿದವರನ್ನು ಮನೆಯಲ್ಲಿ ಯಾರೂ ಎಬ್ಬಿಸುವುದಿಲ್ಲ, ಏನೋ ಶಾಲೆಯ ಮೆಸೇಜು ಇರಬೇಕು ಎಂದುಕೊಳ್ಳುತ್ತಾರೆ. ಪುಸ್ತಕ ಹಿಡಿದ ಸೊಸೆ ಕಂಡರೆ ಬಿಡುವಾಗಿದ್ದೀಯಲ್ಲ, ಸ್ವಲ್ಪ ಅವರೆಕಾಯಿ ಸುಲಿದುಕೊಡು ಎನ್ನುತ್ತಾರೆ. ಅತ್ತೆಯವರ ಮಾತಿನಲ್ಲಿ ಕೆಡುಕಿರಲಿಲ್ಲ. ಓದುವುದು ಒಂದು ಕೆಲಸವಲ್ಲ, ಕೆಲಸವಿಲ್ಲದಿರುವುದರ ಗುರುತು ಎಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಬಹಳ ಹಳೆಯದು, ಅದರ ಭಾರ ಹೆಣ್ಣುಮಕ್ಕಳ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ನನಗೆ ನೋವಿನ ವಿಷಯ.

ಡಿಸೆಂಬರ್ ಆರಂಭದಲ್ಲಿ ಪತಿಯನ್ನೂ ಕರೆಸಿ ಮಾತಾಡಿದೆ. ಹೊಸ ಏರ್ಪಾಟು ಸರಳವಾಗಿತ್ತು. ಶನಿವಾರ ಶಾಲೆ ಅರ್ಧ ದಿನ. ಕೋಲಾರಕ್ಕೆ ಮರಳಿದವರು ನೇರ ಮನೆಗೆ ಹೋಗದೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಂದು ಗಂಟೆ ಕೂರಬೇಕು. ಬಸ್ಸಿನಲ್ಲಿಯೇ ಓದಬಹುದಲ್ಲ ಎಂದು ಪತಿ ಕೇಳಿದರು, ಆದರೆ ಓಡುವ ಬಸ್ಸಿನಲ್ಲಿ ಅಕ್ಷರ ನೋಡಿದರೆ ಅವರಿಗೆ ಹೊಟ್ಟೆ ತೊಳೆಸುತ್ತದೆ. ಮನೆ ಬೇಡವೆಂದದ್ದೂ ಯೋಚಿಸಿಯೇ: ಅಮ್ಮ ಎಂದು ಕೂಗುವವರು ಇಲ್ಲದ ಜಾಗ ಬೇಕಿತ್ತು, ಸುತ್ತ ಎಲ್ಲರೂ ಓದುತ್ತ ಕುಳಿತಿರುವುದರಿಂದ ತಾನೊಬ್ಬಳೇ ಹೊತ್ತು ಕಳೆಯುತ್ತಿದ್ದೇನೆ ಎಂಬ ಅಳುಕೂ ಅಲ್ಲಿ ಹುಟ್ಟುವುದಿಲ್ಲ. ಆ ಒಂದು ಗಂಟೆ ತಡವಾಗುವುದನ್ನು ಅತ್ತೆಯವರಿಗೆ ಹೇಳುವ ಜವಾಬ್ದಾರಿಯನ್ನು ಪತಿಯೇ ವಹಿಸಿಕೊಂಡರು. ಅವರು ಹೆಚ್ಚು ಮಾತಾಡುವವರಲ್ಲ. ಆದರೆ, ಮದುವೆಯಾದ ಹೊಸದರಲ್ಲಿ ಇವಳು ಓದಿದ್ದನ್ನೆಲ್ಲ ಊಟದ ಹೊತ್ತಿಗೆ ನನಗೆ ಕಥೆ ಹೇಳುತ್ತಿದ್ದಳು, ಅದು ಯಾವಾಗ ನಿಂತಿತೋ ಗಮನಿಸಲಿಲ್ಲ ಎಂದರು.

ಓದಬೇಕಾದದ್ದು ಸಣ್ಣ ಕಥೆ, ಒಂದು ಸಲಕ್ಕೆ ಒಂದು. ಕಾದಂಬರಿ ಈ ಸ್ಥಿತಿಯಲ್ಲಿ ಒಳ್ಳೆಯ ಜೊತೆಯಲ್ಲ, ಏಕೆಂದರೆ ಎರಡು ವಾರ ತಪ್ಪಿದರೆ ಪಾತ್ರಗಳು ಮರೆತುಹೋಗುತ್ತವೆ, ಮತ್ತೆ ಮೊದಲಿನಿಂದ ಹಿಡಿಯಬೇಕಲ್ಲ ಎಂಬ ಬೇಸರದಲ್ಲಿ ಪುಸ್ತಕ ಕಪಾಟಿಗೆ ಮರಳುತ್ತದೆ. ಕೂತಲ್ಲೇ ಮುಗಿಯುವ ಕಥೆಗೆ ಆ ಸಾಲದ ಗುಣವಿಲ್ಲ. ಯಾರಿಂದ ಆರಂಭಿಸಲಿ ಎಂದು ಕೇಳಿದಾಗ ಮಾಸ್ತಿಯವರಿಂದ ಎಂದೆ. ಅವರು 1891ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, ಮತ್ತು ಎದುರಿಗೆ ಕೂತು ಮಾತಾಡುವಂತಿರುವ ಅವರ ಬರವಣಿಗೆ ದಣಿದವರನ್ನು ದಣಿಸುವುದಿಲ್ಲ ಎಂಬುದು ನನ್ನ ಸ್ವಂತ ಅನುಭವ. ಎರಡೇ ನಿಯಮ ಹಾಕಿದೆ. ಪಠ್ಯದಲ್ಲಿ ಇರುವುದನ್ನೂ ಪಾಠಕ್ಕೆ ಉಪಯೋಗವಾದೀತು ಎನ್ನಿಸುವುದನ್ನೂ ಆ ಗಂಟೆಯಲ್ಲಿ ಮುಟ್ಟಬಾರದು. ಪೆನ್ನು, ಪೆನ್ಸಿಲ್ ಎರಡೂ ಚೀಲದಿಂದ ಹೊರಗೆ ಬರಬಾರದು. ಹಿಡಿಸದ ಕಥೆಯನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯವನ್ನೂ ಬಾಯಿಬಿಟ್ಟು ಹೇಳಿ ಕೊಡಬೇಕಾಯಿತು. ಬಿಟ್ಟರೆ ಲೇಖಕರಿಗೆ ಅವಮಾನವಾಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಸಂಕ್ರಾಂತಿ ಕಳೆದ ಮೇಲೆ ಬಂದಾಗ ಮೊದಲ ಎರಡು ಶನಿವಾರ ಕಷ್ಟವಾಗಿತ್ತೆಂದು ಹೇಳಿದರು. ಕಥೆ ಓದುತ್ತಲೇ ಮನಸ್ಸು ಪ್ರಶ್ನೆಗಳನ್ನು ಮಾಡುತ್ತಿತ್ತು. ಅದನ್ನು ತಡೆಯಲು ಹೋಗಬೇಡಿ, ಬಂದ ಪ್ರಶ್ನೆ ಬಂದಂತೆ ಹೋಗಲಿ, ನೀವು ಮುಂದಿನ ಸಾಲಿಗೆ ಹೋಗಿ ಎಂದಿದ್ದೆ. ಮೂರನೆಯ ವಾರ ಕಥೆಯೊಂದರ ನಡುವೆ ಕಣ್ಣು ತುಂಬಿಕೊಂಡಿತಂತೆ. ಮುಗಿಸಿ ಗಡಿಯಾರ ನೋಡಿದರೆ ಒಂದೂಕಾಲು ಗಂಟೆಯಾಗಿತ್ತು. ಆ ರಾತ್ರಿ ಊಟಕ್ಕೆ ಕುಳಿತಾಗ ಆ ಕಥೆಯನ್ನು ಮನೆಯವರಿಗೆ ಹೇಳಿದರು. ಅತ್ತೆಯವರು ಕೊನೆಯವರೆಗೂ ಕೇಳಿ, ಮುಂದಿನ ಶನಿವಾರ ಏನು ಓದಿದೆ ಎಂದು ತಾವಾಗಿಯೇ ವಿಚಾರಿಸಿದರು.

ಫೆಬ್ರವರಿ ನಡುವಿನ ಹೊತ್ತಿಗೆ ಹತ್ತು ಶನಿವಾರಗಳಲ್ಲಿ ಮೂರು ತಪ್ಪಿದ್ದವು: ಎರಡು ವಿಶೇಷ ತರಗತಿಗಳಿಂದ, ಒಂದು ಅತ್ತೆಯವರ ಜ್ವರದಿಂದ. ನಿದ್ದೆ ಸುಧಾರಿಸಿತ್ತು, ಪ್ರಶ್ನೆ ಪಟ್ಟಿಯಲ್ಲಿ 2 ಬಂತು. ಮುಂದಿನ ಎರಡು ತಿಂಗಳ ಬಗ್ಗೆ ಅವರಿಗೆ ಭಯವಿತ್ತು. ಪೂರ್ವಸಿದ್ಧತಾ ಪರೀಕ್ಷೆಗಳು, ಆಮೇಲೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿ ಕೆಲಸ, ಆಮೇಲೆ ಮೌಲ್ಯಮಾಪನ. ಈ ಅವಧಿಯಲ್ಲಿ ಶನಿವಾರದ ನೇಮವನ್ನು ಹೇಗಾದರೂ ಉಳಿಸಿಕೊಳ್ಳಿ ಎಂದು ನಾನು ಹೇಳಲಿಲ್ಲ. ಮಾರ್ಚ್ ಆರಂಭದಿಂದ ಮೌಲ್ಯಮಾಪನ ಮುಗಿಯುವವರೆಗೆ ಓದು ರಜೆಯಲ್ಲಿದೆ ಎಂದು ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ, ಮರಳಿ ಗ್ರಂಥಾಲಯಕ್ಕೆ ಹೋಗುವ ಶನಿವಾರದ ದಿನಾಂಕವನ್ನೂ ಬರೆದಿಡಿ ಎಂದೆ. ತಾವೇ ಕೊಟ್ಟ ರಜೆ ತಪ್ಪೆನಿಸುವುದಿಲ್ಲ. ಒಂದೊಂದೇ ವಾರ ಜಾರಿಹೋದರೆ ಮಾತ್ರ ಅದು ಸೋಲಿನಂತೆ ಕಾಣುತ್ತದೆ, ಅವರ ಹಿಂದಿನ ಎರಡು ವರ್ಷಗಳೂ ಹಾಗೆಯೇ ಜಾರಿದ್ದವು.

ಹುಡುಗಿಗೆ ಕೊಟ್ಟಿದ್ದ ಆ ಕಾದಂಬರಿಯನ್ನು ಅವರು ಬೇಸಿಗೆ ರಜೆಗೆಂದು ಎತ್ತಿಟ್ಟಿದ್ದಾರೆ. ಜೂನ್‌ನಲ್ಲಿ ಶಾಲೆ ತೆರೆದಾಗ ಅವಳು ಹತ್ತನೆಯ ತರಗತಿಯಲ್ಲಿರುತ್ತಾಳೆ. ಅವಳಿಗೆ ಏನು ಹೇಳಬೇಕೆಂದು ಕೊನೆಯ ಭೇಟಿಯಲ್ಲಿ ನನ್ನನ್ನು ಕೇಳಿದರು. ಮೊದಲು ಪುಸ್ತಕ ಓದಿ, ಅವಳ ಪ್ರಶ್ನೆಗೆ ನಿಮಗೆ ನಿಜವಾಗಿ ಅನಿಸುವ ಉತ್ತರ ಸಿಗಲಿ, ಆಗಸ್ಟ್‌ನಲ್ಲಿ ಓದಿರಲಿಲ್ಲ ಎಂಬುದನ್ನು ಹೇಳುವ ಬಗೆಯೂ ಆಗಲೇ ಹೊಳೆಯುತ್ತದೆ ಎಂದೆ. ಮುಂದಿನ ಭೇಟಿಯನ್ನು ಮೇ ತಿಂಗಳಿಗೆ ಇಟ್ಟುಕೊಂಡಿದ್ದೇವೆ.