ಡೆಟ್ರಾಯಿಟ್‌ನ ಕೋನಿ ಡಾಗ್: ಅಕ್ಕಪಕ್ಕದ ಎರಡು ಅಂಗಡಿಗಳಲ್ಲಿ ಯಾವುದಕ್ಕೆ ಹೋಗಲಿ?

ಕಂಪನಿಯ ಕೆಲಸಕ್ಕೆ ಒಂದು ವಾರ ಡೆಟ್ರಾಯಿಟ್‌ಗೆ ಹೊರಟಿದ್ದೀರಿ, ‘ಕೋನಿ’ ಎಂಬ ಅಲ್ಲಿನ ಹಾಟ್ ಡಾಗ್ ತಿನ್ನದೆ ಬರಬೇಡ ಎಂದು ಜೊತೆಯವರು ಹೇಳಿದ್ದಾರೆ, ಅದಕ್ಕೆ ಹೆಸರಾದ ಎರಡು ಅಂಗಡಿಗಳಲ್ಲಿ ಅಮೆರಿಕನ್‌ಗೆ ಹೋಗಲೋ ಲಫಾಯೆಟ್‌ಗೆ ಹೋಗಲೋ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳಿಂದ ಅದೇ ಊರಿನ ಹೊರವಲಯದ ನೋವೈನಲ್ಲಿದ್ದೇನೆ. ನನ್ನ ಉತ್ತರ ಲಫಾಯೆಟ್.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಕೋನಿಯ ಮೇಲೆ ಸುರಿಯುವ ‘ಚಿಲ್ಲಿ’ ದನದ ಮಾಂಸದ್ದು. ಸಾಸೇಜಿನಲ್ಲಿ ಹಂದಿಮಾಂಸ ಬೆರೆತಿರುವುದೂ ಉಂಟು. ಚಿಲ್ಲಿ ಎಂದರೆ ಇಲ್ಲಿ ಮೆಣಸಿನಕಾಯಿ ಅಲ್ಲ; ನುಣುಪಾದ ಖೀಮಾವನ್ನು ಮಸಾಲೆ ಹಾಕಿ ಬೇಯಿಸಿದ, ಕಾಳು ಹಾಕದ, ತೆಳ್ಳನೆಯ ಗೊಜ್ಜು. ಹಬೆಯಲ್ಲಿ ಮೆತ್ತಗಾದ ಬನ್ನಿನೊಳಗೆ ಸಾಸೇಜು, ಅದರ ಮೇಲೆ ಈ ಗೊಜ್ಜು, ಹಳದಿ ಸಾಸಿವೆಯ ಒಂದು ಗೆರೆ, ಕೊನೆಗೆ ಕೈತುಂಬ ಹಸಿ ಈರುಳ್ಳಿ. ಸಾಸೇಜಿನ ಹೊರಪದರ ಪ್ರಾಣಿಯ ಕರುಳಿನದಾದ್ದರಿಂದ ಕಚ್ಚಿದಾಗ ‘ಟಪ್’ ಎಂದು ಒಡೆಯುತ್ತದೆ. ಆ ಸದ್ದಿಲ್ಲದ ಕೋನಿಯನ್ನು ನಾನು ಕೋನಿ ಎಂದು ಒಪ್ಪುವುದಿಲ್ಲ. ಟೊಮ್ಯಾಟೊ ಕೆಚಪ್ ಮಾತ್ರ ದಯವಿಟ್ಟು ಕೇಳಬೇಡಿ.

ಕೋನಿ ಎಂಬ ಹೆಸರಿಗೆ ಮೂಲವಾದ ಕೋನಿ ಐಲ್ಯಾಂಡ್ ಇರುವುದು ನ್ಯೂಯಾರ್ಕಿನಲ್ಲಿ. ಈ ತಿಂಡಿ ಬೆಳೆದದ್ದು ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದಲ್ಲಿ. ನ್ಯೂಯಾರ್ಕಿನ ಮೂಲಕ ಬಂದ ಗ್ರೀಕ್ ವಲಸಿಗರು ಆ ಹೆಸರನ್ನು ಜೊತೆಗೆ ತಂದರು. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ ಮೇಲೆ ಜನ ಡೆಟ್ರಾಯಿಟ್‌ಗೆ ಮುಗಿಬಿದ್ದಿದ್ದರು. ಪಾಳಿ ಮುಗಿಸಿ ಬಂದವರಿಗೆ ಕಡಿಮೆ ದುಡ್ಡಿಗೆ, ಕೂಡಲೇ, ಬಿಸಿಬಿಸಿಯಾಗಿ ಏನಾದರೂ ಬೇಕಿತ್ತು. ಗಸ್ಟ್ ಕೆರೋಸ್ 1917ರಲ್ಲಿ ಅಮೆರಿಕನ್ ಕೋನಿ ಐಲ್ಯಾಂಡ್ ತೆರೆದರು. ಪಕ್ಕದ ಲಫಾಯೆಟ್ ಅವರ ಸೋದರ ಬಿಲ್ ಅವರದು. ಅಮೆರಿಕನ್ ಇಂದಿಗೂ ಆ ಮನೆತನದ್ದೇ. ಲಫಾಯೆಟ್ ಮುಂದೆ ಅಲ್ಲೇ ದುಡಿಯುತ್ತಿದ್ದವರ ಕೈಗೆ ಬಂತು. ಈ ಅಂಗಡಿಗಳಲ್ಲಿ ಪಾತ್ರೆ ತೊಳೆದು, ಕೆಲಸ ಕಲಿತು, ಆಮೇಲೆ ಬೇರೆ ಬಡಾವಣೆಯಲ್ಲಿ ತಮ್ಮದೇ ಅಂಗಡಿ ಹಾಕಿದ ಗ್ರೀಕರು ಎಷ್ಟೋ ಮಂದಿ. ಉಡುಪಿ ಹೋಟೆಲುಗಳು ಹಬ್ಬಿದ ಬಗೆ ಗೊತ್ತಿರುವ ನಮಗೆ ಇದನ್ನು ವಿವರಿಸಬೇಕಿಲ್ಲ. ಈಗ ಆ ಸೀಮೆಯಲ್ಲಿ ‘ಕೋನಿ ಐಲ್ಯಾಂಡ್’ ಎಂದರೆ ಬೆಳಗಿನ ಆಮ್ಲೆಟ್‌ನಿಂದ ರಾತ್ರಿಯೂಟದವರೆಗೆ ಎಲ್ಲವೂ ಸಿಗುವ ಬಡಾವಣೆಯ ಹೋಟೆಲು ಎಂದೇ ಅರ್ಥ.

ನಾನು ಮೊದಲ ಸಲ ಲಫಾಯೆಟ್‌ಗೆ ಹೋದದ್ದು ಜನವರಿಯ ಒಂದು ರಾತ್ರಿ, ಬೂಟಿಗೆ ಮೆತ್ತಿದ್ದ ಹಿಮದೊಂದಿಗೆ. ಉದ್ದನೆಯ, ಇಕ್ಕಟ್ಟಾದ ಕೋಣೆ. ಕಿಟಕಿಯ ಪಕ್ಕದಲ್ಲೇ ಬನ್ನುಗಳು ಸಾಲಾಗಿ ಸಿದ್ಧವಾಗುತ್ತಿದ್ದವು. ‘ಎರಡು, ಎಲ್ಲ ಹಾಕಿ’ ಎಂದೆ. ಪರಿಚಾರಕ ಏನನ್ನೂ ಬರೆದುಕೊಳ್ಳಲಿಲ್ಲ, ಒಳಗಿನವರಿಗೆ ಕೂಗಿ ಹೇಳಿದ, ಅಷ್ಟೆ. ಎರಡು ನಿಮಿಷದಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ತಟ್ಟೆಗಳನ್ನು ಪೇರಿಸಿಕೊಂಡು ಬಂದು, ಯಾರದು ಯಾವುದು ಎಂದು ಕೇಳದೆಯೇ ಒಂದೊಂದಾಗಿ ಇಳಿಸುತ್ತ ಹೋದ. ನನ್ನ ಎಡಕ್ಕೆ ಕಾರ್ಖಾನೆಯ ಅಂಗಿ ತೊಟ್ಟ ಹಿರಿಯರು, ಬಲಕ್ಕೆ ಕೋಟು ತೊಟ್ಟ ವಕೀಲರಂಥ ಒಬ್ಬರು. ಇಬ್ಬರ ತಟ್ಟೆಯಲ್ಲೂ ಅದೇ. ಆ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿ, ಆ ಸ್ಟೂಲಿನ ಮೇಲೆ. ಜೊತೆಗೆ ವರ್ನರ್ಸ್ ಕುಡಿಯಿರಿ. ಡೆಟ್ರಾಯಿಟ್‌ನಲ್ಲೇ ಹುಟ್ಟಿದ ಶುಂಠಿ ಸೋಡಾ. ಮೊದಲ ಗುಟುಕಿಗೆ ಮೂಗಿಗೆ ಏರುತ್ತದೆ.

ಮಕ್ಕಳುಮರಿ ಜೊತೆಗಿದ್ದರೆ ಅಮೆರಿಕನ್ ವಾಸಿ, ಜಾಗ ವಿಶಾಲವಾಗಿದೆ. ಮಿಷಿಗನ್‌ನದೇ ಇನ್ನೊಂದು ಊರಾದ ಫ್ಲಿಂಟ್ ಕಡೆಗೆ ಕೆಲಸವಿದ್ದರೆ ಅಲ್ಲಿನ ಕೋನಿಯನ್ನೂ ನೋಡಿ: ಗೊಜ್ಜಿನ ಬದಲು ಉದುರುದುರಾದ ಒಣ ಮಾಂಸ, ಸಾಸೇಜು ಕೋಗಲ್ ಕಂಪನಿಯದು.

ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಬಡಾವಣೆಯ ಕೋನಿಗಳಿಗೆ, ಅಂದರೆ ಲಿಯೋಸ್, ಕರ್ಬೀಸ್‌ನಂಥವುಗಳಿಗೆ ಕರೆದೊಯ್ಯಿರಿ. ಬೀಟ್‌ರೂಟ್ ಹಾಕಿದ ಗ್ರೀಕ್ ಸಲಾಡ್ ಸಿಗುತ್ತದೆ. ಸಗನಾಕಿ ಇದ್ದರೆ ಬಿಡಬೇಡಿ: ಬಿಸಿ ಚೀಸಿಗೆ ಬ್ರಾಂದಿ ಸುರಿದು ಮೇಜಿನ ಪಕ್ಕದಲ್ಲೇ ಬೆಂಕಿ ಹಚ್ಚಿ ‘ಓಪಾ’ ಎಂದು ಕೂಗಿ, ನಿಂಬೆರಸ ಹಿಂಡಿ ಆರಿಸುತ್ತಾರೆ. ನಿಂಬೆ-ಅಕ್ಕಿ ಸೂಪು ಹೆಸರಿಗೆ ಸಸ್ಯಾಹಾರದಂತೆ ಕೇಳಿಸುತ್ತದೆ, ಆದರೆ ಅದು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದು. ಅವರಿಗೆ ಮೊದಲೇ ಹೇಳಿಬಿಡಿ.