ಗಿಡದ ಸಾರ ಮಲೇರಿಯಾ ಪರಾವಲಂಬಿಯನ್ನು ಕೊಂದರೆ ಸಾಲದೇ, ಕೋಶವಿಷತ್ವದ (ಸಾರವು ನಮ್ಮಂಥವರ ಜೀವಕೋಶಗಳಿಗೆ ಎಷ್ಟು ವಿಷ ಎಂಬುದರ) ಪರೀಕ್ಷೆ ಏಕೆ ಬೇಕು?

ಖಂಡಿತ ಸಾಲದು. ನಮ್ಮ ಬದಿಯಡ್ಕ, ಪೆರ್ಲದ ಕಡೆ ಜ್ವರ ಬಂದಾಗ ಕುದಿಸಿ ಕುಡಿಯುವ ಕಿರಾತಕಡ್ಡಿಯನ್ನೇ ತೆಗೆದುಕೊಳ್ಳೋಣ. ನೆರಳಿನಲ್ಲಿ ಒಣಗಿಸಿದ ಗಿಡದ ಪುಡಿಯಿಂದ ಮೆಥನಾಲ್ ಎಂಬ ದ್ರಾವಕದಲ್ಲಿ ಸಾರ ತೆಗೆದು, ಮನುಷ್ಯರ ಕೆಂಪು ರಕ್ತಕಣಗಳಲ್ಲಿ ಬೆಳೆಸಿದ ಪರಾವಲಂಬಿಗೆ ಬೇರೆ ಬೇರೆ ಪ್ರಮಾಣಗಳಲ್ಲಿ ಸೇರಿಸಿ, 48 ಅಥವಾ 72 ಗಂಟೆಗಳ ಬಳಿಕ ಅದರ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಆದರೆ ಸಿಕ್ಕ ಕೋಶವನ್ನೆಲ್ಲ ಕೊಲ್ಲುವ ವಿಷವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಆದ್ದರಿಂದ ಅದೇ ಸಾರವನ್ನು ಸಸ್ತನಿಗಳ ಕೋಶಗಳಿಗೂ, ಹೆಚ್ಚಾಗಿ ಮಂಗನ ಮೂತ್ರಪಿಂಡದಿಂದ ಬಂದ ವೆರೋ ಕೋಶಗಳಿಗೆ, ಹಾಕಿ ಎಂಟಿಟಿ ಎಂಬ ಹಳದಿ ರಾಸಾಯನಿಕವನ್ನು ಬೆರೆಸುತ್ತಾರೆ. ಪರೀಕ್ಷಾ ತಟ್ಟೆಯಲ್ಲಿ ಕೋಶಗಳು ಬದುಕಿರುವ ಗುಳಿಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ, ಸತ್ತಲ್ಲಿ ಹಳದಿಯೇ ಉಳಿಯುತ್ತದೆ. ಅರ್ಧದಷ್ಟು ಕೋಶಗಳನ್ನು ಕೊಲ್ಲುವ ಪ್ರಮಾಣವನ್ನು ಪರಾವಲಂಬಿಯ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸುವ ಪ್ರಮಾಣದಿಂದ ಭಾಗಿಸಿದಾಗ ಬರುವ ಸಂಖ್ಯೆ 10ಕ್ಕಿಂತ ಹೆಚ್ಚಿದ್ದರೆ ಆ ಸಾರವು ಮುಂದಿನ ಅಧ್ಯಯನಕ್ಕೆ ಯೋಗ್ಯವೆಂದು ಅನೇಕ ಸಂಶೋಧಕರು ಪರಿಗಣಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಸಂಖ್ಯೆಯಿಲ್ಲದ ವರದಿ ಅರ್ಧ ವರದಿ.

ಸಾರ ತೆಗೆಯುವ ವಿಧಾನವೂ ಮುಖ್ಯ. ಚೀನಾದ ವಿಜ್ಞಾನಿ ತು ಯೂಯೂ ಅವರು ಬಿಸಿಮಾಡುವುದನ್ನು ಬಿಟ್ಟು, ಕಡಿಮೆ ಉಷ್ಣತೆಯಲ್ಲಿ ಈಥರ್ ಎಂಬ ದ್ರಾವಕ ಬಳಸಿದ ಮೇಲೆಯೇ 1971ರಲ್ಲಿ ಆರ್ಟೆಮಿಸಿಯಾ ಗಿಡದ ಸಾರ ಮಲೇರಿಯಾದ ವಿರುದ್ಧ ಫಲ ಕೊಟ್ಟಿತು. ಹೀಗಿರುವಾಗ ಮೆಥನಾಲ್ ಸಾರದ ಫಲಿತಾಂಶವನ್ನು ಮನೆಯ ಕಷಾಯಕ್ಕೆ ಹಾಗೆಯೇ ಅನ್ವಯಿಸಲಾಗದು; ಮಲೇರಿಯಾದ ಶಂಕೆಯಿದ್ದರೆ ದಯವಿಟ್ಟು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.