ಸಿಹಿನೀರಿನ ದಡದಲ್ಲಿ ಉಪ್ಪುಗಾಳಿ

ಪ್ರಿಯರೇ,

ಅಮೆರಿಕದ ಮಿಶಿಗನ್ ರಾಜ್ಯದ ಸ್ಲೀಪಿಂಗ್ ಬೇರ್ ಮರಳುದಿಬ್ಬಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ, ಜೊತೆಗಿದ್ದ ಆರು ಫೋಟೊಗಳನ್ನೂ ನೋಡಿದೆ. ಭಾಷೆ ಶುದ್ಧವಾಗಿದೆ. ಹೋಗುವ ದಾರಿ, ಉಳಿಯುವ ಜಾಗದ ವಿವರ ಓದುಗರಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ಎರಡು ವಾಕ್ಯಗಳು ಮೂರು ದಿನದಿಂದ ನನ್ನನ್ನು ಕಾಡುತ್ತಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಒಂದು, ನಿಮ್ಮ ಮೊದಲ ಸಾಲೇ: ‘ಮುಂಜಾನೆ ಸರೋವರದ ಒಡಲಿನಿಂದ ಕೆಂಪು ಸೂರ್ಯ ಮೇಲೆದ್ದಾಗ ಸ್ವರ್ಗವೇ ಧರೆಗಿಳಿದಂತಿತ್ತು.’ ಭೂಪಟ ತೆಗೆದು ನೋಡಿ. ಆ ದಿಬ್ಬಗಳಿರುವುದು ಮಿಶಿಗನ್ ಸರೋವರದ ಪೂರ್ವ ದಡದಲ್ಲಿ. ದಿಬ್ಬದ ಮೇಲೆ ನಿಂತು ನೀರಿನತ್ತ ತಿರುಗಿದರೆ ಮುಖ ಪಶ್ಚಿಮಕ್ಕಿರುತ್ತದೆ. ನಿಮ್ಮ ಮೊದಲ ಫೋಟೊದಲ್ಲಿ ನೀರಂಚಿಗೆ ತಾಗಿರುವುದು ಮುಳುಗುವ ಸೂರ್ಯ. ನೀವು ಹೋದದ್ದು ಜೂನ್ ಕೊನೆಯಲ್ಲಿ. ಆಗ ಅಲ್ಲಿ ಹೊತ್ತು ಮುಳುಗುವಾಗ ರಾತ್ರಿ ಒಂಬತ್ತೂವರೆ. ಏಳು ಗಂಟೆಗೆಲ್ಲ ದೀಪ ಹಚ್ಚುವ ನಾಡಿನ ಓದುಗರಿಗೆ ಇದೇ ದೊಡ್ಡ ಸುದ್ದಿ. ಊಟ ಮುಗಿಸಿ ಕ್ಯಾಮೆರಾ ಹೆಗಲಿಗೇರಿಸಿ ಹೊರಟರೂ ಬೆಳಕು ಉಳಿದಿರುತ್ತದೆ. ಬಿಸಿಲು ಓರೆಯಾಗುತ್ತ ಬಂದಂತೆ, ಮಧ್ಯಾಹ್ನ ಬರೀ ಬಿಳಿಚಿಕೊಂಡಿದ್ದ ಮರಳಿನಲ್ಲಿ ಗಾಳಿಯ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಫೋಟೊ ತೆಗೆಯುವವರು ಅಷ್ಟು ದೂರ ಹೋಗುವುದೇ ಆ ಹೊತ್ತಿಗಾಗಿ. ಅದನ್ನು ಸೆರೆಹಿಡಿದವರು ನೀವು. ಬರೆಯುವಾಗ ಮಾತ್ರ ಶಾಲೆಯ ಪ್ರಬಂಧದ ಸೂರ್ಯೋದಯವನ್ನು ತಂದಿಟ್ಟಿರಿ.

ಎರಡು: ‘ಉಪ್ಪುಗಾಳಿ ಮುಖಕ್ಕೆ ರಾಚುತ್ತಿತ್ತು.’ ಮಿಶಿಗನ್ ಸಿಹಿನೀರಿನ ಸರೋವರ! ಆಚೆ ದಡ ಕಾಣುವುದಿಲ್ಲ, ತೆರೆಯ ಸದ್ದಿದೆ, ಕಾಲಡಿ ಮರಳಿದೆ, ಆದರೂ ತುಟಿ ಸವರಿಕೊಂಡರೆ ಉಪ್ಪಿಲ್ಲ. ಆ ಸೋಜಿಗವನ್ನು ನೀವೇ ಅಳಿಸಿಬಿಟ್ಟಿರಿ. ಆ ಗಾಳಿಗೆ ಹೇಳಿಕೊಳ್ಳಲು ಬೇರೆಯೇ ಕತೆಯಿದೆ. ಹಿಮನದಿಗಳು ಬಿಟ್ಟುಹೋದ ಮಣ್ಣು, ಜಲ್ಲಿಯ ಗುಡ್ಡಗಳ ನೆತ್ತಿಗೆ ಮರಳನ್ನು ಹೊತ್ತು ಹಾಕಿದ್ದು ಅದೇ. ಹಾಗಾಗಿಯೇ ನೀವು ನಿಂತಿದ್ದ ಲೇಕ್ ಮಿಶಿಗನ್ ಓವರ್‌ಲುಕ್‌ನಿಂದ ನೀರು ಸುಮಾರು 450 ಅಡಿ ಕೆಳಗಿದೆ.

ಇನ್ನು ನಿಮ್ಮ ನಾಲ್ಕನೇ ಫೋಟೊ. ದಿಬ್ಬದ ಮೇಲೆ ಬೆಳೆಯುವ ಮ್ಯಾರಮ್ ಹುಲ್ಲಿನ ಒಂಟಿ ಎಸಳು ಗಾಳಿಗೆ ಬಾಗಿ, ತುದಿ ಮರಳಿಗೆ ತಾಗಿ, ಕೈವಾರದಲ್ಲಿ ಎಳೆದಂತೆ ತನ್ನ ಬುಡದ ಸುತ್ತ ಕಮಾನು ಗೀಚಿದೆ. ಒಂದರೊಳಗೊಂದು ಮೂರು ಕಮಾನು. ಹೊರಗಿನ ಕಮಾನನ್ನು ಯಾವುದೋ ಹುಳು ದಾಟಿಹೋದ ಗುರುತು. ಅದನ್ನು ದೊಡ್ಡದು ಮಾಡಿಕೊಂಡು ಎಷ್ಟೋ ಹೊತ್ತು ನೋಡಿದೆ. ಮರಳು ಹೂತಷ್ಟೂ ಮೇಲೆ ಚಿಗುರಿ, ಬೇರಿನಿಂದ ದಿಬ್ಬವನ್ನು ಹಿಡಿದು ನಿಲ್ಲಿಸುವ ಹುಲ್ಲು ಅದು. ತುಳಿತ ಮಾತ್ರ ತಾಳದು. ಲೇಖನದಲ್ಲಿ ಅದರ ಬಗ್ಗೆ ಒಂದಕ್ಷರವಿಲ್ಲ.

ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ನಾನೂ ತಲಕಾಡಿಗೆ ಹೋಗಿಬಂದು ‘ಬಂಗಾರದ ಮರಳರಾಶಿ’ ಎಂದು ಬರೆದುಕೊಟ್ಟಿದ್ದೆ. ಅಲ್ಲಿ ಸರೋವರವಿಲ್ಲ, ಕಾವೇರಿಯ ದಡದ ದಿಬ್ಬಗಳು. ಕಾಳ್ಗಿಚ್ಚಿಗೆ ಬೆದರಿ ಸರೋವರ ಈಜಿದ ತಾಯಿಕರಡಿಯ ಕತೆಯನ್ನು ನೀವು ಎಳೆದಂತೆ, ನಾನು ಅಲಮೇಲಮ್ಮನ ಶಾಪವನ್ನು ಅರ್ಧ ಪುಟ ಎಳೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಓದಿ, ‘ಮರಳು ಯಾವ ಬಣ್ಣ ಇತ್ತಪ್ಪಾ? ಪಾತಾಳೇಶ್ವರನ ಗುಡಿಗೆ ಎಷ್ಟು ಮೆಟ್ಟಿಲು ಇಳಿದೆ?’ ಎಂದು ಕೇಳಿದರು. ಬಾಯಿ ಬರಲಿಲ್ಲ. ಹಾಳೆಗಳನ್ನು ವಾಪಸು ಕೊಟ್ಟು, ಬೇರೆ ಕೆಲಸ ನೋಡತೊಡಗಿದರು. ಮುಂದಿನ ಭಾನುವಾರ ಸ್ವಂತ ಖರ್ಚಿನಲ್ಲಿ ಮತ್ತೆ ಬಸ್ಸು ಹತ್ತಿದೆ. ಬರಿಗಾಲಲ್ಲಿ ನಡೆದೆ. ಮರಳು ಮೇಲೆ ಮಾಸಲು ಬಣ್ಣ, ಹೆಬ್ಬೆರಳಿನಿಂದ ಕೆದಕಿದರೆ ಒಳಗೆ ಒದ್ದೆ ಕಂದು, ತಣ್ಣಗೆ. ಬಂಗಾರ ಎಲ್ಲೂ ಇರಲಿಲ್ಲ. ಇವತ್ತಿಗೂ ಯಾರಾದರೂ ‘ಬಂಗಾರದ ಮರಳು’ ಎಂದು ಬರೆದರೆ ನನ್ನ ಹೆಬ್ಬೆರಳಿಗೆ ಆ ತಣ್ಪು ತಾಗುತ್ತದೆ.

ಲೇಖನ ವಾಪಸು ಕಳಿಸುತ್ತಿದ್ದೇನೆ. ನಾಲ್ಕನೇ ಫೋಟೊ ತೆಗೆಯಲು ಎಲ್ಲಿ ಮಂಡಿಯೂರಿದಿರಿ, ಹುಲ್ಲು ತುಳಿಯದೆ ಹೇಗೆ ಹತ್ತಿರ ಹೋದಿರಿ, ಆಗ ಗಂಟೆ ಎಷ್ಟು, ಗಾಳಿ ನಿಲ್ಲಲಿ ಎಂದು ಎಷ್ಟು ಹೊತ್ತು ಕಾದಿರಿ, ಅಲ್ಲಿಂದ ಶುರುಮಾಡಿ ಮತ್ತೆ ಬರೆಯಿರಿ. ಕಾಯುತ್ತಿರುತ್ತೇನೆ.

ಸಂಪಾದಕ